‘ನಾನು ಯಶಸ್ವಿ ಪ್ಲಾಂಟರ್’ ಅಂತ ದಿನಾ ಕನ್ನಡಿ ಮುಂದೆ ಹೇಳಿದ್ರೆ ಆಗ್ಬಿಡ್ತೀನಾ?

ಪ್ರಶ್ನೆ: ಮೇಡಂ, ನಂಗೆ 36 ವರ್ಷ. ಬೆಂಗಳೂರಲ್ಲಿ ಐಟಿ ಕೆಲಸ ಬಿಟ್ಟು ಕೊಡಗಿನ ಸುಂಟಿಕೊಪ್ಪ ಹತ್ರ ಇರೋ ನಮ್ಮ ತೋಟಕ್ಕೆ ವಾಪಸ್ ಬಂದಿದೀನಿ. ಜಾಸ್ತಿ ರೋಬಸ್ಟಾ ಕಾಫಿ, ಮರಕ್ಕೆ ಮೆಣಸು. ಅಪ್ಪ ಮೊದಲಿಂದಾನೂ "ನಿನ್ ಕೈಲಿ ತೋಟ ಆಗಲ್ಲ, ನೀನು ಲ್ಯಾಪ್‌ಟಾಪಿಗೇ ಸರಿ" ಅಂತಾರೆ. ಹೋದ ವರ್ಷ ಕಾಫಿ ಹೂ ಅರಳಿಸೋ ಹೂ ಮಳೆ ಚೆನ್ನಾಗೇ ಬಂತು, ಆಮೇಲೆ ಕಾಯಿ ಕಟ್ಟಕ್ಕೆ ಬೇಕಾದ ಬ್ಯಾಕಿಂಗ್ ಮಳೆ ಬರಲಿಲ್ಲ, ಸ್ಪ್ರಿಂಕ್ಲರ್ ಹಾಕೋಣ ಅಂದ್ರೆ ಮೋಟರ್ ಸುಟ್ಟು ಕೂತಿತ್ತು, ರಿಪೇರಿ ಮಾಡಿಸೋದ್ರೊಳಗೆ ಟೈಮ್ ಹೋಯ್ತು, ಫಸಲು ಬಿತ್ತು. ಅವತ್ತಿಂದ ಅಪ್ಪ ಹೇಳಿದ್ದೇ ನಿಜ ಅನ್ಸಕ್ಕೆ ಶುರುವಾಗಿದೆ. ರೀಲ್ಸ್‌ನಲ್ಲಿ ನೋಡಿ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು "ನಾನು ಯಶಸ್ವಿ ಪ್ಲಾಂಟರ್, ನನ್ನಲ್ಲಿ ಪೂರ್ತಿ ಆತ್ಮವಿಶ್ವಾಸ ಇದೆ" ಅಂತ ಹೇಳ್ತಾ ಇದೀನಿ, 21 ದಿನ ಸಾಕು ಅಂದಿದ್ರು, ಅದು ಯಾವಾಗ್ಲೋ ಮುಗೀತು. ನಿಜ ಹೇಳ್ಬೇಕಂದ್ರೆ ಮೊದಲಿಗಿಂತ ಬೇಜಾರು ಜಾಸ್ತಿ ಆಗಿದೆ. ನಾನು ಹೇಳೋ ರೀತೀಲೇ ತಪ್ಪಿದ್ಯಾ? ಇನ್ನೊಂದು, ನಮ್ಮ ಎಂಟು ವರ್ಷದ ಮಗಳಿಗೂ "ನಾನು ತುಂಬಾ ಜಾಣೆ" ಅಂತ ದಿನಾ ಹೇಳಿಸೋಣ ಅಂತ ನನ್ ಹೆಂಡ್ತಿ ಅಂತಿದಾಳೆ, ಹೇಳಿಸಬಹುದಾ?

ಉತ್ತರ: ನೀವು ಹೇಳೋ ರೀತೀಲಿ ಏನೂ ತಪ್ಪಿಲ್ಲ. ವಾಕ್ಯವೇ ತಪ್ಪು ಆರಿಸ್ಕೊಂಡಿದೀರ, ಅದೂ ನಿಮ್ಮ ತಪ್ಪಲ್ಲ, ಯಾರೋ ರೆಡಿಮೇಡ್ ಕೊಟ್ಟಿದ್ದು. ಬೇಜಾರು ಜಾಸ್ತಿ ಆಯ್ತು ಅಂದ್ರಲ್ಲ, ಅದನ್ನ ಓದಿ ನಂಗೇನೂ ಆಶ್ಚರ್ಯ ಆಗಲಿಲ್ಲ, ಯಾಕಂದ್ರೆ ಕೆನಡಾದ ವಾಟರ್ಲೂ ಯೂನಿವರ್ಸಿಟಿಯ ಜೊಆನ್ ವುಡ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತೆ ಅವರ ಜೊತೆಯವರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದಾರೆ. ಜನರನ್ನ ಕೂರಿಸಿ ಮನಸ್ಸಿಗೆ ಬಂದದ್ದನ್ನ ಬರೀರಿ ಅಂದ್ರು, ಮಧ್ಯೆ ಮಧ್ಯೆ ಬೆಲ್ ಹೊಡೀತಿತ್ತು, ಹೊಡೆದಾಗೆಲ್ಲ ಕೆಲವರು "ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ" ಅಂತ ಮನಸ್ಸಲ್ಲೇ ಹೇಳ್ಕೋಬೇಕು. ಆಮೇಲೆ ಅವರ ಮೂಡ್ ಹೇಗಿದೆ ಅಂತ ನೋಡಿದ್ರೆ, ಮೊದಲೇ ತಮ್ಮ ಬಗ್ಗೆ ಒಳ್ಳೇ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಖುಷಿ ಜಾಸ್ತಿ ಆಗಿತ್ತು, ತಮ್ಮ ಬಗ್ಗೆ ಕೀಳಾಗಿ ಅಂದ್ಕೊಂಡವರಿಗೆ ಆ ವಾಕ್ಯ ಹೇಳದೇ ಇದ್ದವರಿಗಿಂತ ಬೇಜಾರು ಜಾಸ್ತಿ ಆಗಿತ್ತು. ಅಂದ್ರೆ ಯಾರಿಗೆ ಬೇಕೋ ಅವರಿಗೇ ಉಲ್ಟಾ ಹೊಡೀತು. ಅದೇ ಸಂಶೋಧನೇಲಿ ಇನ್ನೊಂದು ವಿಷಯ ಇದೆ, ರೀಲ್ಸ್‌ನೋರು ಯಾರೂ ಹೇಳಲ್ಲ: "ಈ ಮಾತು ಹೇಗೆ ನಿಜ ಅಂತ ಮಾತ್ರ ಯೋಚಿಸಿ" ಅಂದಾಗ ಈ ಜನಕ್ಕೆ ಕಷ್ಟ ಆಯ್ತು, "ಹೇಗೆ ನಿಜ, ಹೇಗೆ ಸುಳ್ಳು ಎರಡೂ ಯೋಚಿಸಿ" ಅಂದಾಗ ಅಷ್ಟು ಕಷ್ಟ ಆಗಲಿಲ್ಲ.

ಯಾಕೆ ಹೀಗೆ ಅಂದ್ರೆ, ನಮ್ಮ ಬಗ್ಗೆ ನಮಗಿರೋ ಅಭಿಪ್ರಾಯಕ್ಕೆ ಸ್ವಲ್ಪ ಹತ್ರ ಇರೋ ಮಾತಾದ್ರೆ ಮನಸ್ಸು ಒಳಗೆ ಬಿಟ್ಕೊಳ್ಳುತ್ತೆ, ತುಂಬಾ ದೂರದ್ದಾದ್ರೆ ವಾದಕ್ಕೆ ನಿಲ್ಲುತ್ತೆ. ನೀವು "ಯಶಸ್ವಿ ಪ್ಲಾಂಟರ್" ಅಂತೀರಿ, ಒಳಗಿಂದ ತಕ್ಷಣ "ಹೌದಾ, ಮೋಟರ್ ಯಾರು ಸುಟ್ಟಿದ್ದು?" ಅಂತ ಕೇಳುತ್ತೆ. ದಿನಾ ಬೆಳಿಗ್ಗೆ ನೀವು ಆತ್ಮವಿಶ್ವಾಸ ಪ್ರಾಕ್ಟೀಸ್ ಮಾಡ್ತಾ ಇದೀನಿ ಅಂದ್ಕೊಂಡಿದ್ದು, ನಿಜವಾಗ್ಲೂ ಪ್ರಾಕ್ಟೀಸ್ ಆಗ್ತಾ ಇದ್ದಿದ್ದು ಆ ಎದುರುತ್ತರ. ಮಣ್ಣು ಪರೀಕ್ಷೆ ಮಾಡಿಸದೆ ಎಲ್ಲರೂ ಹಾಕ್ತಾರೆ ಅಂತ ಸುಣ್ಣ ಹಾಕಿದಂಗೆ ಆಯ್ತು ಇದು, ನಿಮ್ಮ ಮಣ್ಣಲ್ಲಿ ಏನಿದೆ ಅಂತ ಯಾರೂ ನೋಡಲಿಲ್ಲ.

ಇದರ ಹಳೇ ಕತೆ ಸ್ವಲ್ಪ ಹೇಳ್ತೀನಿ, ಕುತೂಹಲಕ್ಕೆ. ಫ್ರಾನ್ಸಿನಲ್ಲಿ ಎಮಿಲ್ ಕೂಯೆ ಅಂತ ಒಬ್ಬ ಔಷಧಿ ಅಂಗಡಿಯವನಿದ್ದ, 1926ರಲ್ಲಿ ತೀರಿಕೊಂಡ. ಔಷಧಿ ಕೊಡುವಾಗ ಇದು ಒಳ್ಳೇ ಔಷಧಿ ಅಂತ ಎರಡು ಮಾತು ಹೇಳಿ ಕೊಟ್ರೆ ಗಿರಾಕಿಗೆ ಜಾಸ್ತಿ ಗುಣ ಆಗುತ್ತೆ ಅಂತ ಗಮನಿಸಿದ. ಆಮೇಲೆ ಜನಕ್ಕೆ ಒಂದು ವಾಕ್ಯ ಹೇಳಿಕೊಟ್ಟ, ದಿನದಿಂದ ದಿನಕ್ಕೆ ಎಲ್ಲಾ ರೀತೀಲೂ ನಾನು ಸುಧಾರಿಸ್ತಾ ಇದೀನಿ ಅಂತ, ದಾರಕ್ಕೆ ಇಪ್ಪತ್ತು ಗಂಟು ಹಾಕ್ಕೊಂಡು ಜಪಮಾಲೆ ಥರ ಎಣಿಸ್ತಾ ಬೆಳಿಗ್ಗೆ ಸಂಜೆ ಹೇಳೋದು. ಅವನ ಎಲ್ಲಾ ಮಾತನ್ನೂ ನಾನು ಒಪ್ಪಲ್ಲ, ಆದ್ರೆ ಆ ವಾಕ್ಯ ನೋಡಿ, "ಸುಧಾರಿಸ್ತಾ ಇದೀನಿ" ಅನ್ನುತ್ತೆ, "ಸುಧಾರಿಸಿ ಆಯ್ತು" ಅನ್ನಲ್ಲ. ಒಂದು ಕೆಟ್ಟ ದಿನ ಬಂದ್ರೂ ಅದು ಸುಳ್ಳಾಗಲ್ಲ. ನೂರು ವರ್ಷದಲ್ಲಿ ಅದು ಸವೆದು ಸವೆದು "ನಾನು ಕೋಟ್ಯಧಿಪತಿ, ನಾನು ಯಶಸ್ವಿ" ಅನ್ನೋ ಮಟ್ಟಕ್ಕೆ ಬಂದು ನಿಂತಿದೆ.

21 ದಿನದ ಲೆಕ್ಕಾನೂ ಬಿಟ್ಬಿಡಿ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು, ಆಪರೇಶನ್ ಆದವರಿಗೆ ತಮ್ಮ ಹೊಸ ಮುಖ ಅಭ್ಯಾಸ ಆಗಕ್ಕೆ ಕಡಿಮೆ ಅಂದ್ರೂ 21 ದಿನ ಬೇಕು ಅಂತ. ಆ "ಕಡಿಮೆ ಅಂದ್ರೂ" ಎಲ್ಲೋ ಬಿದ್ದುಹೋಯ್ತು, ಮುಖಾನೂ ಹೋಯ್ತು, 21 ಒಂದು ಉಳೀತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪ್ಪಾ ಲ್ಯಾಲಿ ಅನ್ನೋರು 96 ಜನರನ್ನ ಇಟ್ಕೊಂಡು ನೋಡಿದಾಗ (2010ರಲ್ಲಿ ಪ್ರಕಟ ಆಯ್ತು) ಒಂದು ಸಣ್ಣ ಅಭ್ಯಾಸ ತನ್ನಷ್ಟಕ್ಕೆ ನಡೆಯೋ ಮಟ್ಟಕ್ಕೆ ಬರಕ್ಕೆ ಸರಾಸರಿ 66 ದಿನ, ಆದ್ರೆ ಒಬ್ಬೊಬ್ಬರಿಗೆ 18ರಿಂದ 254 ದಿನದ ತನಕ ಅಂದಾಜು ಬಂತು. ಅದೂ ದಿನಾ ಒಂದು ಲೋಟ ನೀರು ಕುಡಿಯೋ ಥರದ ಅಭ್ಯಾಸಕ್ಕೆ. ಇನ್ನು ಮೂವತ್ತಾರು ವರ್ಷದಿಂದ ಮನೇಲಿ ಕೇಳ್ಕೊಂಡು ಬಂದ ಮಾತು ಮೂರು ವಾರದಲ್ಲಿ ಹೋಗಬೇಕು ಅಂದ್ರೆ ಹೇಗೆ ಮಾರಾಯ್ರೆ.

ಈಗ ನಿಮ್ಮ ವಾಕ್ಯಕ್ಕೇ ಬರೋಣ, ನನಗೆ ಅದರಲ್ಲಿ ಇನ್ನೂ ದೊಡ್ಡ ತಕರಾರಿದೆ. "ಯಶಸ್ವಿ ಪ್ಲಾಂಟರ್" ಅನ್ನೋದು ನಿಜಾನೋ ಸುಳ್ಳೋ ಅಂತ ತೀರ್ಮಾನ ಮಾಡೋದು ಯಾರು? ಫೆಬ್ರವರಿ ಮಾರ್ಚಲ್ಲಿ ಹೂ ಮಳೆ ಬರುತ್ತೋ ಇಲ್ವೋ, ಅದಾಗಿ ಹದಿನೈದು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ ಬರುತ್ತೋ ಇಲ್ವೋ, ಲಂಡನ್ ಮಾರ್ಕೆಟಲ್ಲಿ ರೋಬಸ್ಟಾ ಎಷ್ಟಕ್ಕೆ ಹೋಗುತ್ತೆ, ಬ್ರೆಜಿಲ್ ವಿಯೆಟ್ನಾಮಲ್ಲಿ ಬರಗಾಲ ಇದ್ಯಾ ಅನ್ನೋದು. ರೇಟ್ ಬಂದ ವರ್ಷ ಕೊಡಗಲ್ಲಿ ಎಲ್ಲರೂ ಬುದ್ಧಿವಂತ ಪ್ಲಾಂಟರ್‌ಗಳೇ, ನಿಮಗೂ ಗೊತ್ತಿದೆ. ಇಂಥಾ ವಿಷಯಕ್ಕೆ ನಿಮ್ಮ ಇಡೀ ಗುರುತನ್ನ ಕಟ್ಟಿ ಹಾಕಿದ್ರೆ ಒಂದು ಮೋಟರ್ ಸುಟ್ಟಾಗ ಮನುಷ್ಯನೂ ಸುಟ್ಟೋದ ಹಾಗಾಗುತ್ತೆ. ಮತ್ತೆ ಕಾಫಿಯಲ್ಲಿ ಇನ್ನೊಂದು ಕಷ್ಟ ಏನಂದ್ರೆ ರಿಸಲ್ಟ್ ಬರೋದು ವರ್ಷಕ್ಕೆ ಒಂದೇ ಸಲ. ಐಟಿಯಲ್ಲಿ ಕೋಡ್ ಬರೆದ್ರೆ ಸಂಜೆಯೊಳಗೆ ಓಡುತ್ತೋ ಇಲ್ವೋ ಗೊತ್ತಾಗುತ್ತೆ, ಇಲ್ಲಿ ಕೊಯ್ಲಿನ ತನಕ ಕಾಯ್ಬೇಕು. ಹಾಗಾಗಿ ನಿಮ್ಮ ಹತ್ರ ಪುರಾವೆ ಅಂತ ಇರೋದು ಸದ್ಯಕ್ಕೆ ಒಂದೇ, ಆ ಒಂದು ಕೆಟ್ಟ ಫಸಲು. ಮನಸ್ಸು ಇರೋ ಪುರಾವೇನೇ ತಾನೆ ಹಿಡ್ಕೊಳ್ಳೋದು.

ಆಲ್ಬರ್ಟ್ ಬಂಡೂರಾ ಅಂತ ದೊಡ್ಡ ಹೆಸರು ನಮ್ಮ ಮನಶ್ಶಾಸ್ತ್ರದ ಫೀಲ್ಡಲ್ಲಿ, ನನ್ನ ಕೈಲಾಗುತ್ತೆ ಅನ್ನೋ ನಂಬಿಕೆ ಎಲ್ಲಿಂದ ಬರುತ್ತೆ ಅಂತ 1977ರಲ್ಲೇ ಬರೆದಿದಾರೆ. ಬೇರೆಯವರು ಅಥವಾ ನಾವೇ ಬಾಯಲ್ಲಿ ಹುರಿದುಂಬಿಸೋದು ಒಂದು ಮೂಲ, ಆದ್ರೆ ಅದು ದುರ್ಬಲ. ಎಲ್ಲಕ್ಕಿಂತ ಗಟ್ಟಿ ಯಾವುದು ಅಂದ್ರೆ ನಾವೇ ಕೈಯಾರೆ ಮಾಡಿ ಮುಗಿಸಿದ ಕೆಲಸ. ಡ್ಯಾರಿಲ್ ಬೆಮ್ ಅನ್ನೋರು ಇನ್ನೂ ಮುಂದೆ ಹೋಗಿ, ನಾವು ಎಂಥವರು ಅಂತ ನಮಗೆ ಗೊತ್ತಾಗೋದೇ ಎಷ್ಟೋ ಸಲ ನಾವು ಮಾಡೋ ಕೆಲಸ ನೋಡಿ, ಹೊರಗಿನವರು ನೋಡೋ ಹಾಗೆ ನೋಡಿ, ಅಂದ್ರು. ಇದು ನಿಮಗೆ ನೇರ ಉಪಯೋಗಕ್ಕೆ ಬರುತ್ತೆ. ಮೊದಲು ವಾಕ್ಯ ಹೇಳಿ ಆಮೇಲೆ ಮನುಷ್ಯ ಬದಲಾಗೋದನ್ನ ಕಾಯೋದು ಬೇಡ, ಮೊದಲು ಒಂದು ಸಣ್ಣ ಕೆಲಸ, ಅದಕ್ಕೆ ಹಿಂದೆ ಒಂದು ವಾಕ್ಯ.

ಏನು ಮಾಡಿ ಅಂದ್ರೆ, ನಿಮ್ಮ ಮನೇಲಿ ಮಳೆ ಮಾಪನ ಇದ್ದೇ ಇರುತ್ತೆ, ಅಂಗಳದಲ್ಲಿ ಕಂಬದ ಮೇಲೆ. ಮಳೆ ಪುಸ್ತಕಾನೂ ಇರುತ್ತೆ, ಅಪ್ಪನೋ ತಾತನೋ ಬರೆದದ್ದು, ಇಷ್ಟು ಇಂಚು ಇಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಅಂತ. ಈಗ ಅದನ್ನ ಬರೀತಾ ಇರೋದು ಯಾರು? ಅಪ್ಪನೇ ಅಂತ ನನ್ನ ಊಹೆ. ಅದನ್ನ ಕೇಳಿ ಇಸ್ಕೊಳ್ಳಿ, ಕೊಡಲ್ಲ ಅಂದ್ರೆ ಒಂದು ಬೇರೆ ನೋಟ್‌ಬುಕ್ ತಗೊಳ್ಳಿ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಲ್ಲೋ ಟೈಮಿಗೇ ಮಳೆ ಅಳೆದು ಬರೀರಿ, ಮಳೆ ಇಲ್ಲದ ದಿನ ಸೊನ್ನೆ ಬರೀರಿ, ಅದರ ಕೆಳಗೆ ತೋಟದಲ್ಲಿ ನೀವು ನೋಡಿದ್ದು ಒಂದು ಸಾಲು. "ಕೆಳಗಿನ ಬ್ಲಾಕಲ್ಲಿ ಕಾಯಿ ತುದೀಲಿ ಸೂಜಿ ಚುಚ್ಚಿದ ಹಾಗೆ ತೂತು, ಕಾಯಿಕೊರಕ ಇರಬೇಕು." "ಪಂಪ್‌ಹೌಸ್ ಪಕ್ಕ ಎರಡು ಮೆಣಸು ಬಳ್ಳಿ ಎಲೆ ಬಾಡಿದೆ, ಮೇಸ್ತ್ರಿಗೆ ತೋರಿಸ್ದೆ." "ಮೋಟರ್ ಅರ್ಧ ಗಂಟೆ ಓಡಿಸಿ ನೋಡಿದೆ, ಸೌಂಡ್ ಸರಿ ಇದೆ." ಇಷ್ಟೇ, ಬೇರೆ ಯಾವ ಒಳ್ಳೇ ಮಾತೂ ಬೇಡ, ಹೊಗಳಿಕೆ ಬೇಡ.

ಒಂದು ಮೂವತ್ತು ನಲವತ್ತು ಸಾಲು ಆದ ಮೇಲೆ ಕೂತು ಓದಿ, ಆಮೇಲೆ ನಿಮ್ಮ ವಾಕ್ಯ ಬರೀರಿ. "ನಾನು ತೋಟವನ್ನ ದಿನಾ ಕಣ್ಣಿಟ್ಟು ನೋಡೋ ಮನುಷ್ಯ." ಈ ವಾಕ್ಯದ ಜೊತೆ ಮನಸ್ಸು ವಾದ ಮಾಡಕ್ಕೆ ಬಂದ್ರೆ ನೋಟ್‌ಬುಕ್ ತೆಗೆದು ತೋರಿಸಬಹುದು. ಇದು "ಯಶಸ್ವಿ ಪ್ಲಾಂಟರ್" ಅಷ್ಟು ಭರ್ಜರಿಯಾಗಿ ಕೇಳಲ್ಲ, ರೀಲ್ಸ್ ಮಾಡಿದ್ರೆ ನಾಲ್ಕು ಲೈಕ್ ಬರಲ್ಲ, ಆದ್ರೆ ಬ್ಯಾಕಿಂಗ್ ಮಳೆ ಕೈ ಕೊಟ್ರೂ ಇದು ನಿಜವಾಗೇ ಇರುತ್ತೆ. ನಿಧಾನಕ್ಕೆ ವಾಕ್ಯ ಬೆಳೆಸ್ಕೊಂಡು ಹೋಗಿ, "ತೊಂದರೆ ಬಂದ್ರೆ ಮುಚ್ಚಿಡದೆ ಆ ದಿನವೇ ಯಾರನ್ನಾದ್ರೂ ಕೇಳ್ತೀನಿ" ಅನ್ನೋದು ಇನ್ನೊಂದಾಗಬಹುದು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಒಂದು ಸಲ ಹೋಗಿ ಬನ್ನಿ, ಹೋಗಿ ಬಂದದ್ದನ್ನೂ ಬರೀರಿ.

ಮೋಟರ್ ವಿಷಯಕ್ಕೆ ಬೇರೆ ಥರದ ವಾಕ್ಯ ಬೇಕು. ಪೀಟರ್ ಗಾಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ "ಹೀಗಾದ್ರೆ ಹೀಗೆ ಮಾಡ್ತೀನಿ" ಅನ್ನೋ ಥರದ ಪ್ಲಾನ್ ಬಗ್ಗೆ ತುಂಬಾ ಕೆಲಸ ಮಾಡಿದಾರೆ, 2006ರಲ್ಲಿ 94 ಪರೀಕ್ಷೆಗಳನ್ನ ಒಟ್ಟಿಗೆ ಹಾಕಿ ನೋಡಿದಾಗ ಬರೀ "ಮಾಡ್ಬೇಕು" ಅಂದ್ಕೊಳ್ಳೋದಕ್ಕಿಂತ ಹೀಗೆ ಜಾಗ ಟೈಮು ಹಿಡಿದು ಹೇಳ್ಕೊಳ್ಳೋದು ಚೆನ್ನಾಗೇ ಕೆಲಸ ಮಾಡುತ್ತೆ ಅಂತ ಕಂಡಿದೆ. "ಜನವರಿ ಮೊದಲನೇ ವಾರ ಬಂದ ತಕ್ಷಣ ಮೋಟರ್ ಬಿಚ್ಚಿಸಿ ಸರ್ವೀಸ್ ಮಾಡಿಸ್ತೀನಿ, ಹೂವಾಗಿ ಹದಿನೈದು ದಿನಕ್ಕೆ ಮಳೆ ಬರದಿದ್ರೆ ಹದಿನಾರನೇ ದಿನ ಸ್ಪ್ರಿಂಕ್ಲರ್ ಶುರು." ಇದೂ ನಿಮ್ಮ ಬಗ್ಗೆ ನೀವೇ ಹೇಳ್ಕೊಳ್ಳೋ ಮಾತೇ ಅಲ್ವಾ, ಪಾಸಿಟಿವ್ ಥಿಂಕಿಂಗ್ ಅನ್ನೋ ಲೇಬಲ್ ಇಲ್ಲ ಅಷ್ಟೆ.

ಆಟಗಾರರ ವಿಷಯದಲ್ಲೂ ಇದೇ. ಏಪ್ರಿಲ್ ಬಂತಂದ್ರೆ ನಮ್ಮಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬದ ಗಲಾಟೆ, 1997ರಲ್ಲಿ ಕರಡದಲ್ಲಿ ಶುರುವಾಗಿದ್ದು ಈಗ ಯಾವ ಮಟ್ಟಕ್ಕೆ ಬೆಳೆದಿದೆ ನೋಡಿ. ಮೈದಾನದಲ್ಲಿ ತಮ್ಮಷ್ಟಕ್ಕೆ ಮಾತಾಡ್ಕೊಳ್ಳೋದು ಉಪಯೋಗ ಆಗುತ್ತಾ ಅಂತ ನಡೆದ ಅಧ್ಯಯನಗಳನ್ನ 2011ರಲ್ಲಿ ಒಟ್ಟು ಮಾಡಿ ನೋಡಿದಾರೆ, ಆಗುತ್ತೆ, ಆದ್ರೆ ಸೂಕ್ಷ್ಮವಾಗಿ ಗುರಿ ಇಟ್ಟು ಮಾಡೋ ಕೆಲಸಕ್ಕೆ "ನಾನೇ ಚಾಂಪಿಯನ್" ಥರದ ಮಾತಿಗಿಂತ "ಕಣ್ಣು ಚೆಂಡಿನ ಮೇಲೆ, ಸ್ಟಿಕ್ ಕೆಳಗೆ" ಥರದ್ದೇ ಮೇಲು.

ವ್ಯಾಪಾರಿ ಬಂದಾಗ ನೀವು ಗಾಬರಿಯಾಗ್ತೀರ ಅಂತ ನೀವು ಬರೆದಿಲ್ಲ, ಆದ್ರೂ ಹೊಸದಾಗಿ ತೋಟಕ್ಕೆ ಬಂದವರು ನನ್ನ ಹತ್ರ ಜಾಸ್ತಿ ಹೇಳೋದು ಅದನ್ನೇ. ಆತ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ತೆಗೆದು, ಮಾಯಿಶ್ಚರ್ ಜಾಸ್ತಿ, ಓಟಿ (ಸಿಪ್ಪೆ ತೆಗೆದ ಮೇಲೆ ಸಿಗೋ ಬೀಜದ ತೂಕ) ಬರಲ್ಲ ಸಾರ್ ಅಂತ ಮುಖ ಸಿಂಡರಿಸ್ತಾನೆ, ಇವರ ಗಂಟಲು ಒಣಗುತ್ತೆ, ಅವನು ಹೇಳಿದ ರೇಟಿಗೆ ಹೂಂ ಅಂದ್ಬಿಡ್ತಾರೆ. ಅಂಥಾ ಹೊತ್ತಲ್ಲಿ "ನಾನು" ಬಿಟ್ಟು ನಿಮ್ಮ ಹೆಸರು ಹಿಡಿದು ನಿಮಗೇ ಹೇಳ್ಕೊಳ್ಳಿ, ಒಬ್ಬ ಅಣ್ಣ ತಮ್ಮನಿಗೆ ಹೇಳೋ ರೀತೀಲಿ: "ನೋಡೋ, ನೀನು ಬೆಳಿಗ್ಗೆ ಮೂರು ಕಡೆ ರೇಟ್ ಕೇಳಿದೀಯ, ಇವತ್ತೇ ಕೊಡಬೇಕು ಅಂತೇನಿಲ್ಲ." ಮಿಶಿಗನ್ ಯೂನಿವರ್ಸಿಟಿಯ ಈಥನ್ ಕ್ರಾಸ್ ಮತ್ತು ತಂಡ 2014ರಲ್ಲಿ ಇದನ್ನ ತೋರಿಸಿದಾರೆ, ಜನರ ಮುಂದೆ ಭಾಷಣ ಮಾಡೋ ಥರದ ಟೆನ್ಶನ್ ಕೆಲಸಕ್ಕೆ ಮೊದಲು ತಮ್ಮ ಹೆಸರು ಹಿಡಿದು ಯೋಚಿಸಿದವರು "ನಾನು ನಾನು" ಅಂದವರಿಗಿಂತ ಕಡಿಮೆ ಒದ್ದಾಡಿದ್ರು. ಕೇಳಕ್ಕೆ ತಮಾಷೆ ಅನ್ಸುತ್ತೆ, ಮನಸ್ಸಲ್ಲೇ ಹೇಳ್ಕೊಳ್ಳಿ, ಮೇಸ್ತ್ರಿ ಮುಂದೆ ಬಾಯಿ ಬಿಟ್ಟು ಹೇಳಬೇಡಿ.

ಅಪ್ಪನ ಮಾತಿನ ಬಗ್ಗೆ. ಒಂದು ಹಾಳೇಲಿ ಅದನ್ನ ಅವರು ಹೇಳಿದ ಹಾಗೇ ಬರೀರಿ: ನಿನ್ ಕೈಲಿ ತೋಟ ಆಗಲ್ಲ. ಕೆಳಗೆ, ಇದು ಮೊದಲು ಯಾವಾಗ ಕೇಳಿದ್ದು, ಆಗ ನನಗೆ ಎಷ್ಟು ವಯಸ್ಸು, ಯಾವ ಕೆಲಸ ಕೆಟ್ಟಿತ್ತು. ಎಷ್ಟೋ ಜನಕ್ಕೆ ಇಲ್ಲೇ ಅರ್ಧ ಗಾಳಿ ಹೋಗುತ್ತೆ, ಯಾಕಂದ್ರೆ ಆ ಮಾತು ಹುಟ್ಟಿದ್ದು ಹನ್ನೊಂದನೇ ವಯಸ್ಸಲ್ಲಿ ಕಣದಲ್ಲಿ ಹರಡಿದ್ದ ಕಾಫಿ ಮಳೆಗೆ ನೆನೆದು ಹೋದ ದಿನ ಇರುತ್ತೆ, ಹುಡುಗ ಆಡಕ್ಕೆ ಹೋಗಿದ್ದ, ಟಾರ್ಪಾಲ್ ಹೊದಿಸಿರಲಿಲ್ಲ. ಆ ಹುಡುಗನ ಬಗ್ಗೆ ಹೇಳಿದ ಮಾತನ್ನ ಈ ಮೂವತ್ತಾರರ ಮನುಷ್ಯ ಇನ್ನೂ ಹೊತ್ಕೊಂಡು ತಿರುಗ್ತಾ ಇರ್ತಾನೆ. ಆಮೇಲೆ ಆ ಮಾತಿನ ಪರ ಏನಿದೆ, ವಿರುದ್ಧ ಏನಿದೆ ಅಂತ ಎರಡು ಕಡೆ ಬರೀರಿ, ಪರ ಇರೋದನ್ನ ಅಳಿಸಬೇಡಿ, ಮೋಟರ್ ಅಲ್ಲೇ ಇರಲಿ. ಮೊದಲು ಹೇಳಿದ ಆ 2009ರ ಅಧ್ಯಯನದಲ್ಲಿ ಕಂಡಿದ್ದೂ ಇದೇ ತಾನೆ, ಎರಡೂ ಕಡೆ ನೋಡಕ್ಕೆ ಬಿಟ್ರೆ ಮನಸ್ಸು ಅಷ್ಟು ಮುನಿಯಲ್ಲ. ಈ ಹಾಳೆ ಅಪ್ಪನಿಗೆ ತೋರಿಸೋದು, ಕೂತು ಇತ್ಯರ್ಥ ಮಾಡೋದು ಏನೂ ಬೇಕಿಲ್ಲ. ಅವರು ಹಾಗೆ ಅನ್ನೋದನ್ನ ನಿಲ್ಲಿಸ್ತಾರೆ ಅಂತ ನಾನು ಭರವಸೆ ಕೊಡಲ್ಲ, ಆದ್ರೆ ಮಳೆ ಪುಸ್ತಕದ ನೆಪದಲ್ಲಿ "ಅಪ್ಪ, ಎಂಬತ್ತರ ದಶಕದಲ್ಲಿ ಬ್ಯಾಕಿಂಗ್ ಬರದಿದ್ದಾಗ ಏನು ಮಾಡ್ತಿದ್ರಿ?" ಅಂತ ಕೇಳಿ ನೋಡಿ, ಬೈಗುಳಕ್ಕಿಂತ ಉದ್ದದ ಉತ್ತರ ಬರಬಹುದು.

ಇದಲ್ಲದೆ ಇನ್ನೊಂದು ದಾರಿ ಇದೆ. ಕನ್ನಡಿ ಮುಂದೆ ಹೇಳೋ ವಾಕ್ಯಕ್ಕೆ ಅಫರ್ಮೇಶನ್ ಅಂತಾರೆ, ಇದಕ್ಕೂ ಅದೇ ಥರದ ಹೆಸರು ಇರೋದ್ರಿಂದ ಜನ ಎರಡೂ ಒಂದೇ ಅಂದ್ಕೋತಾರೆ. ಮನಶ್ಶಾಸ್ತ್ರಜ್ಞ ಕ್ಲಾಡ್ ಸ್ಟೀಲ್ 1988ರಲ್ಲಿ ಶುರು ಮಾಡಿದ ಸೆಲ್ಫ್ ಅಫರ್ಮೇಶನ್ ಸಿದ್ಧಾಂತದಲ್ಲಿ ತನ್ನನ್ನ ತಾನೇ ಹೊಗಳಿಕೊಳ್ಳೋದು ಇಲ್ಲವೇ ಇಲ್ಲ. ಬದುಕಲ್ಲಿ ನನಗೆ ಯಾವುದು ಮುಖ್ಯ, ಯಾಕೆ ಮುಖ್ಯ ಅಂತ ಹತ್ತು ಹದಿನೈದು ನಿಮಿಷ ಬರೆಯೋದು, ಅದೂ ನೋವಾಗಿರೋ ವಿಷಯ ಬಿಟ್ಟು ಬೇರೆ ವಿಷಯದ ಬಗ್ಗೆ. 2006ರಲ್ಲಿ ಜೆಫ್ರಿ ಕೋಹೆನ್ ತಂಡ ಅಮೆರಿಕದ ಏಳನೇ ಕ್ಲಾಸ್ ಮಕ್ಕಳ ಕೈಲಿ ಹೀಗೆ ಬರೆಸಿದಾಗ ಕಪ್ಪು ಮತ್ತು ಬಿಳಿ ಮಕ್ಕಳ ಮಾರ್ಕ್ಸಿನ ಅಂತರ ಸುಮಾರು 40% ಕಡಿಮೆ ಆಯ್ತು. ಆಮೇಲೆ ದೊಡ್ಡ ಮಟ್ಟದಲ್ಲಿ ಮಾಡಿದಾಗ ಎಲ್ಲಾ ಕಡೆ ಅಷ್ಟು ಚೆನ್ನಾಗಿ ಬರಲಿಲ್ಲ, ಅದನ್ನೂ ಹೇಳಬೇಕು. ಆದ್ರೂ ನಿಮಗೆ ಖರ್ಚಿಲ್ಲದ ಕೆಲಸ, ತಿಂಗಳಿಗೊಂದು ಸಲ ಬರೀರಿ: ಬೆಂಗಳೂರು ಬಿಟ್ಟು ಬಂದದ್ದು ಯಾಕೆ? ಮಗಳು ತೋಟದಲ್ಲಿ ಬೆಳೀಲಿ ಅಂತಾನಾ, ಅಪ್ಪ ಅಮ್ಮನ ಹತ್ರ ಇರಬೇಕು ಅಂತಾನಾ? ತೋಟ ಕೈ ಕೊಟ್ಟ ವರ್ಷಾನೂ ನೀವು ಬರೀ ಪ್ಲಾಂಟರ್ ಅಲ್ಲ ಅನ್ನೋದು ಆಗ ಕಣ್ಣಿಗೆ ಬೀಳುತ್ತೆ.

ಕಕ್ಕಡದ (ಜುಲೈ-ಆಗಸ್ಟಲ್ಲಿ ಬರೋ ಕೊಡವ ತಿಂಗಳು) ಮಳೇಲಿ ಮಾತ್ರ ನಿಮ್ಮ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ, ಹದಿನೈದು ದಿನ ಬಿಸಿಲಿಲ್ಲದೆ ಕರೆಂಟಿಲ್ಲದೆ ಕೂತಾಗ ಎಂಥವರಿಗೂ ತಾನು ಕೆಲಸಕ್ಕೆ ಬಾರದವನು ಅನ್ಸುತ್ತೆ. ಆದ್ರೆ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಊಟ ಕೆಟ್ಟಿದ್ರೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನೋ ಹಾಗಿದ್ರೆ, ಇರೋದೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದಿದ್ರೂ ಸರಿ, ಆಗ ನೋಟ್‌ಬುಕ್ಕೂ ಅಲ್ಲ ವಾಕ್ಯಾನೂ ಅಲ್ಲ, ಅದಕ್ಕೆ ಚಿಕಿತ್ಸೆ ಬೇಕು. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿ ಜಿಲ್ಲಾ ಆಸ್ಪತ್ರೇಲೂ ಮನೋವೈದ್ಯರನ್ನ ನೋಡಬಹುದು. ಪರಿಚಯದವರು ಯಾರಾದ್ರೂ ನೋಡ್ತಾರೆ ಅನ್ನೋ ಸಂಕೋಚ ನಮ್ಮ ಜಿಲ್ಲೇಲಿ ಜಾಸ್ತಿ, ಅದಿದ್ರೆ ಮೊದಲು ಫೋನೇ ಮಾಡಿ.

ಮಗಳಿಗೆ "ನಾನು ತುಂಬಾ ಜಾಣೆ" ಹೇಳಿಸೋದು ಬೇಡ ಅಂತ ನಿಮ್ಮ ಮನೆಯವರಿಗೆ ಹೇಳಿ, ನನ್ನ ಹೆಸರು ಹೇಳಿಯೇ ಹೇಳಿ, ಜಗಳ ನನ್ನ ಮೇಲೆ ಬರಲಿ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ಕ್ಲಾಸಿನ ಮಕ್ಕಳ ಜೊತೆ ಮಾಡಿದ ಪ್ರಯೋಗದಲ್ಲಿ "ನೀನು ಜಾಣ" ಅಂತ ಹೊಗಳಿಸ್ಕೊಂಡವರು ಆಮೇಲೆ ಸುಲಭದ ಲೆಕ್ಕಾನೇ ಆರಿಸ್ಕೊಂಡ್ರು, ಕಷ್ಟದ್ದು ಕೊಟ್ಟು ಸೋತಾಗ ಬೇಗ ಕೈಬಿಟ್ರು, "ಚೆನ್ನಾಗಿ ಪ್ರಯತ್ನ ಮಾಡ್ದೆ" ಅಂತ ಹೇಳಿಸ್ಕೊಂಡವರು ಇನ್ನೂ ಸ್ವಲ್ಪ ಹೊತ್ತು ಗುದ್ದಾಡಿದ್ರು. ಜಾಣೆ ಅನ್ನೋ ಹೆಸರು ಉಳಿಸ್ಕೋಬೇಕಲ್ಲ, ಅದಕ್ಕೆ ತಪ್ಪಾಗೋ ಜಾಗಕ್ಕೇ ಮಕ್ಕಳು ಹೋಗಲ್ಲ. ರಾತ್ರಿ ಮಲಗೋ ಮುಂಚೆ "ಇವತ್ತು ಯಾವುದು ಕಷ್ಟ ಆಯ್ತು, ಆಮೇಲೆ ಏನು ಮಾಡ್ದೆ?" ಅಂತ ಕೇಳಿ, ಸಾಕು. ಅವಳು ನಿಮ್ಮನ್ನೂ ತಿರುಗಿ ಅದನ್ನೇ ಕೇಳ್ತಾಳೆ, ಈ ವಯಸ್ಸಿನ ಮಕ್ಕಳು ಬಿಡಲ್ಲ, ಆಗ ಮೋಟರ್ ಕತೆ ಹೇಳಿ.